ಇತರೆ ಖರ್ಚು

ಪಾಸ್‌ಪೋರ್ಟಿನ್ಯಾಗ ಬೋಲೋರ್ಮಾ, ಊರು ಮಂಗೋಲಿಯಾ.
ಮಾಗಡಿಯೊಳಗ ಇಳಿದ ಮರುದಿನಕ್ಕ ಬೋರಮ್ಮ.
ಫಕೀರವ್ವ ಅಂಗಳಕ್ಕ ನೀರು ಹೊಡಕೋತ ಅಂದ್ಲು:
'ಬಾಡಗಿ ಸಾವಿರದ ಎಂಟನೂರು, ಬಚ್ಚಲ ಹಿತ್ತಲದಾಗ,
ಕರೆಂಟ್ ಯಾವಾಗ ಹೋಗತದ ದೇವರಿಗೇ ಗೊತ್ತು.
ಇದನ್ನ ಆಕಿ ಮಾತಿನ್ಯಾಗ ಹೇಳು.'
ಆಕಿ ಮಾತು ನನಗೂ ಬರೂದಿಲ್ಲ.
ನಮ್ಮಿಬ್ಬರ ನಡುವ ಇದ್ದದ್ದು ಇಂಗ್ಲಿಷು,
ಇಬ್ಬರೂ ಕಡಾ ತಂದದ್ದು.

ಸಂಸ್ಥೆಗೆ ಇಂಟರ್ನ್ ಅಂತ ಬಂದವರೊಳಗ ಈಕಿ ಏಳನೇಯಾಕಿ.
ಮೊದಲಿನವ ಡೆನ್ಮಾರ್ಕಿನವ, ಮೂರು ವಾರಕ್ಕ ಹೊಟ್ಟಿ ಕೆಟ್ಟು ಹೋದ.
ಪೆರು ದೇಶದಾಕಿ ಒಬ್ಬಾಕಿ ರೊಟ್ಟಿ ಬಡಿಯೂದು ಕಲ್ತು
ಇನ್ನೂ ಯುಗಾದಿಗೆ ಮೆಸೇಜ್ ಹಾಕತಾಳ.
ಎಲ್ಲಾರನ್ನೂ ನನ್ನ ಗಾಡಿ ಹಿಂದ ಕುಂಡ್ರಿಸಿಕೊಂಡು
ಶಿರಹಟ್ಟಿ ರಸ್ತೆದ ತಗ್ಗು ತೋರಿಸೇನಿ.
ನನ್ನ ಹುದ್ದೆಗೆ ಹೆಸರಿಲ್ಲ.
ವೋಚರಿನ್ಯಾಗ 'ಇತರೆ ಖರ್ಚು'.

ಫ್ಲೋರೈಡ್ ನೀರಿನ ಸರ್ವೆ. ನೂರು ಮನಿ, ಮೂವತ್ತೊಂದು ಪ್ರಶ್ನಿ.
ಐದು ರೂಪಾಯಿ ನಾಣ್ಯ ಹಾಕಿದರ ಕೊಡ ತುಂಬೂ ಮಷೀನು
ವರ್ಷಕ್ಕ ಎಷ್ಟು ದಿನ ಕೆಟ್ಟಿರತದ,
ಕೊಡ ಹೊರೂವರು ಯಾರು, ಮೊಣಕಾಲು ನೋಯತಾವೇನು.
ಹದಿನಾರನೇದು:
'ನಿಮ್ಮ ಜೀವನ ನಿಮಗೆ ತೃಪ್ತಿ ತಂದಿದೆಯೇ,
ಒಂದರಿಂದ ಐದರೊಳಗೆ ಹೇಳಿ.'
ನಾ ಅದನ್ನ ಯಾವತ್ತೂ ಹಂಗ ಕೇಳಿಲ್ಲ.
'ಆರಾಮಿದ್ದೀರೇನ್ರಿ' ಅಂತೀನಿ.
'ಹೂಂ, ನಡದೈತಿ' ಅಂತಾರ.
ನಾ ಮೂರು ಅಂತ ಹೇಳತೀನಿ.
ಏಳು ವರ್ಷದಾಗ ಊರಿಗೂರೇ ಮೂರು.

ಡಿಸೆಂಬರಿಗೆ ಕೆರಿಗೆ ಹೆಬ್ಬಾತು ಇಳದ್ವು,
ತಲಿ ಮ್ಯಾಲ ಎರಡು ಕರಿ ಗೆರಿ, ಸಾವಿರಗಟ್ಟಲೆ.
'ನಿಮ್ಮ ದೇಶದವು' ಅಂತ ಇಲಾಖೆ ಬೋರ್ಡು ಓದಿ
ಹುಡುಗರು ಆಕೀಗೆ ಹೇಳಿದ್ರು.
ಚನ್ನವೀರಗೌಡ ಹೊಲದಿಂದ ನೆಟ್ಟಗ ಬಂದ:
'ನಿಮ್ಮೂರ ಹಕ್ಕಿ ರಾತ್ರೆಲ್ಲಾ ನಮ್ಮ ಕಡ್ಲಿ ಮೇದಾವ,
ಪಂಚಾಯತಿಗಂತೂ ಕಿವಿಯಿಲ್ಲ, ನೀ ಕೊಡ್ತೀಯೇನವಾ ರೊಕ್ಕ?'
ಆಕಿ ಖರೇವಂದ್ರ ಯೋಚನಿ ಮಾಡಿದ್ಲು.
'ಬ್ಯಾಸಗ್ಯಾಗ ನಮ್ಮ ಹುಲ್ಲು ಮೇಯತಾವ.
ನಾವು ನಿಮಗ ಬಿಲ್ಲು ಕಳಸೂಣೇನು?'
ಗೌಡ ನಕ್ಕ. ಮರುದಿನ ಒಂದು ಸೇರು ಶೇಂಗಾ ಬಂತು.

ಚಹಾಕ್ಕ ಉಪ್ಪು ಹಾಕತಿದ್ಲು.
ಫಕೀರವ್ವ ಮೊದಲ ಸರ್ತಿ ಬಾಯಿಗೆ ಸೆರಗ ಹಿಡದ್ಲು,
ಹದಿನೈದು ದಿನದ ಮ್ಯಾಲ ಸಕ್ರಿ ಡಬ್ಬಿ ಬಾಜೂಕ
ಉಪ್ಪಿನ ಡಬ್ಬಿ ತಾನಽ ತಂದಿಟ್ಲು.

ನೂರನೇ ಮನಿ ಫಕೀರವ್ವಂದಽ,
ಎಲ್ಲಿ ಹೋಗತದ ಅಂತ ಕಡೀಕ ಉಳಿಸಿದ್ವಿ.
ಸೊಂಟ ಬಗ್ಗೇದ, ಹಲ್ಲಿನ ಮ್ಯಾಲ ಕಂದು ಕಲಿ.
ಹದಿನಾರಕ್ಕ ಬಂದಾಗ ಬೋರಮ್ಮನ ಕೈಯಾಗಿನ ಪೆನ್ನು ಕಸಕೊಂಡ್ಲು.
'ನಿಮ್ಮ ಮನಿಗೆ ಯಾರರೆ ಹಿಂಗ ಬಂದಿದ್ರೇನು, ಕೇಳು ಆಕೀಗೆ.'
ಇಲ್ಲ ಅಂತಾಳ ಅಂತ ಕೇಳಿದೆ.

'ನನಗ ಒಂಬತ್ತು ವರ್ಷ.
ಹಿಮ ಬಿತ್ತು, ಕರಗಿತು, ಮತ್ತ ಕಲ್ಲಾತು.
ಹುಲ್ಲು ಕೆಳಗ, ಬಾಯಿ ಮ್ಯಾಲ.
ನಿಂತ ನಿಂತಲ್ಲೇ ಇನ್ನೂರಾ ಹದಿಮೂರು ಕುರಿ.
ಆಮ್ಯಾಲ ಒಬ್ಬ ಬಂದ, ಭಾರೀ ಬೂಟು ಹಾಕ್ಕೊಂಡು,
ಸತ್ತದ್ದು ಎಣಸಿದ. ಅಪ್ಪನ್ನ ಕೇಳಿದ,
ಒಂದರಿಂದ ಐದರೊಳಗ ಹೇಳ್ರಿ.
ಅಪ್ಪ ಸುಮ್ಮನಿದ್ದ.
ಸಂಗಾಟ ಬಂದ ದುಭಾಷಿ ಏನೋ ಹೇಳಿದ,
ಬೂಟಿನವ ಬರಕೊಂಡ.
ಏನಂತ ಇವತ್ತಿಗೂ ಗೊತ್ತಿಲ್ಲ.'

ನನಗ ಗೊತ್ತಿತ್ತು.

ಬರ ಅನ್ನೂದಕ್ಕ ನಮ್ಮಲ್ಲೆ ಬಿಸಲು ಬೇಕು.
'ಹಿಮದ ಬರ' ಅಂದೆ. ತಪ್ಪೋ ಏನೋ.
ಸೋಡಾ ಅಂಗಡಿ ಬರ್ಫ ಬಿಟ್ಟು ಬ್ಯಾರೆ ನೋಡದ ಫಕೀರವ್ವ,
ಹಟ್ಟಿಯೊಳಗ ಹುಟ್ಟಿದಾಕಿ, ಒಂದಽ ಕೇಳಿದ್ಲು:
'ಇನ್ನೂರಾ ಹದಿಮೂರು, ಮರಿ ಹಿಡದೋ ಬಿಟ್ಟೋ?'

'ಬಿಟ್ಟು.'

ಪೆನ್ನು ಮರಳಿ ಕೊಟ್ಲು.
'ಬರಕೋ. ನಂದು ಎರಡು.'

ಜೂನಿನ್ಯಾಗ ವರದಿ ಬಂತು, ನುಣುಪು ಕಾಗದ,
ರಟ್ಟಿನ ಮ್ಯಾಲ ಯಾರದೋ ಕೊಡ.
ನಲವತ್ತನೇ ಪುಟ, ಸರಾಸರಿ ತೃಪ್ತಿ:
ಎರಡು ಪಾಯಿಂಟ್ ಒಂಬತ್ತು ಒಂಬತ್ತು.
ಸಾಹೇಬರು ಕನ್ನಡಕ ಏರಿಸಿ ಕೇಳಿದ್ರು,
ಈ ಒಂದು ಪೈಸೆ ಎಲ್ಲಿ ಕಮ್ಮಿ ಬಿತ್ತು?